ಹಪ್ಪಳದ ಕಟ್ಟಿನ ಮೇಲೆ ನಿಮ್ಮ ಹೆಸರು

ಹೊಸನಗರ ತಾಲೂಕಿನ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದ ಪತ್ರದ ಸಾರ ಇದು:

"ನಾಲ್ಕು ವರ್ಷದಿಂದ ಮನೆಯಲ್ಲೇ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಚಕ್ಕುಲಿ ಮಾಡಿ ಮಾರುತ್ತಿದ್ದೇನೆ. ಮೊದಲು ನೆಂಟರಿಷ್ಟರಿಗೆ ಮಾತ್ರ. ಈಗ ವಾಟ್ಸಾಪ್‌ನಲ್ಲಿ ಆರ್ಡರ್ ಬಂದು ಬೆಂಗಳೂರು, ಪುಣೆಗೂ ಹೋಗುತ್ತಿದೆ. ಮೊನ್ನೆ ಶಿವಮೊಗ್ಗದ ಅಂಗಡಿಯೊಂದಕ್ಕೆ ಕೊಟ್ಟ ಕಟ್ಟುಗಳನ್ನು 'ನಂಬರ್ ಇಲ್ಲ, ಲೇಬಲ್ ಇಲ್ಲ' ಅಂತ ವಾಪಸ್ ಕಳಿಸಿದರು. ಪೇಟೆಯಲ್ಲಿ ಒಬ್ಬರು, ಆರು ಸಾವಿರ ಕೊಟ್ಟರೆ ಲೈಸೆನ್ಸ್ ಮಾಡಿಸಿಕೊಡುತ್ತೇನೆ, ಇಲ್ಲದಿದ್ದರೆ ಜೈಲು ಅನ್ನುತ್ತಿದ್ದಾರೆ. ನಮ್ಮಜ್ಜಿ ಯಾರನ್ನು ಕೇಳಿ ಹಪ್ಪಳ ಹಚ್ಚಿದ್ದಳು? ಪ್ಯಾಕೆಟ್ಟಿನ ಮೇಲೆ ಮನೆ ವಿಳಾಸ ಹಾಕುವುದು ಮನೆಯವರಿಗೂ ಇಷ್ಟವಿಲ್ಲ. ಇದೆಲ್ಲ ಬಿಟ್ಟುಬಿಡಲೇ?"

ಅಕ್ಕಾ, ಬಿಡಬೇಡಿ. ಆ ಆರು ಸಾವಿರವನ್ನೂ ಕೊಡಬೇಡಿ.

ನಿಮ್ಮನ್ನು ಹೆದರಿಸಿದ ಮಾತಿನಿಂದಲೇ ಶುರು ಮಾಡುತ್ತೇನೆ. ದೇಶಕ್ಕೆಲ್ಲ ಒಂದೇ ಕಾನೂನು, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ 31ನೇ ಸೆಕ್ಷನ್ನು ಆಹಾರದ ವ್ಯಾಪಾರಕ್ಕೆ ಲೈಸೆನ್ಸ್ ಬೇಕು ಎನ್ನುತ್ತದೆ. ಅದರದ್ದೇ ಎರಡನೇ ಉಪವಿಧಿ ತಾನೇ ಮಾಡಿ ತಾನೇ ಮಾರುವ ಸಣ್ಣವರನ್ನು, ತಲೆಮೇಲೆ ಬುಟ್ಟಿ ಹೊತ್ತು ಮಾರುವವರನ್ನು, ಗೃಹ ಕೈಗಾರಿಕೆಯವರನ್ನು ಲೈಸೆನ್ಸಿನಿಂದ ಬಿಟ್ಟು, ನೋಂದಣಿ ಮಾಡಿಸಿಕೊಂಡರೆ ಸಾಕು ಎನ್ನುತ್ತದೆ. ಲೈಸೆನ್ಸ್ ಇಲ್ಲದವರಿಗೆ ಶಿಕ್ಷೆ ಹೇಳುವ 63ನೇ ಸೆಕ್ಷನ್ನು ಕೂಡ ಈ ಸಣ್ಣವರನ್ನು ಹೊರಗಿಟ್ಟೇ ಬರೆದದ್ದು. ಹಾಗಾಗಿ ಜೈಲಿನ ಮಾತು ನಿಮ್ಮ ಬಾಯಿ ಮುಚ್ಚಿಸಿ ದುಡ್ಡು ಕೀಳುವ ಮಾತು. ಹಾಗಂತ ನೋಂದಣಿ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಮಾಡಿಸಲೇಬೇಕು.

ಸಣ್ಣವರು ಅಂದರೆ ಎಷ್ಟು ಸಣ್ಣವರು? ಈ ಕಾಯ್ದೆಯಡಿ ಬಂದ ನಿಯಮಾವಳಿ 2011ರಲ್ಲಿ ಹಾಕಿದ್ದ ಗೆರೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು, ದಿನಕ್ಕೆ 100 ಕೆ.ಜಿ. ತಯಾರಿಕೆ. ಲಾಭ ಲೆಕ್ಕಕ್ಕಿಲ್ಲ, ಒಟ್ಟು ಮಾರಾಟವೇ ಲೆಕ್ಕ. ತಿಂಗಳಿಗೆ ಒಂದು ಲಕ್ಷದ ವ್ಯಾಪಾರ ಆಗುವವರೆಗೆ ನೀವು ಈ ಗೆರೆಯ ಒಳಗೇ ಇದ್ದೀರಿ. ಶುಲ್ಕ ವರ್ಷಕ್ಕೆ 100 ರೂಪಾಯಿ, ಐದು ವರ್ಷದ್ದು ಸೇರಿಸಿದರೂ ಐನೂರೇ. ಅಂದರೆ 500 ರೂಪಾಯಿಯ ಕೆಲಸಕ್ಕೆ ಆ ಮಹಾನುಭಾವರು ಆರು ಸಾವಿರ ಕೇಳಿದ್ದಾರೆ. ಓದಿ ನನಗೆ ಸಿಟ್ಟು ಬಂತು.

ಅರ್ಜಿಯ ಹೆಸರು ಫಾರಂ ಎ. ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ತುಂಬಬೇಕು. ನಿಮ್ಮದೊಂದು ಫೋಟೋ, ಗುರುತಿನ ಚೀಟಿ, ವಿಳಾಸ ತೋರಿಸುವ ಕಾಗದ, ಏನೇನು ತಯಾರಿಸುತ್ತೀರಿ ಎಂಬ ವಿವರ, ಇಷ್ಟೇ. ಮಗ ಮಗಳು ಮೊಬೈಲಿನಲ್ಲೇ ತುಂಬಿಕೊಟ್ಟಾರು. ಎಲ್ಲಾದರೂ ಸಿಕ್ಕಿಕೊಂಡರೆ 1800112100 ಎಂಬ ಉಚಿತ ಸಹಾಯವಾಣಿಗೆ ಫೋನ್ ಮಾಡಿ. ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ, ಯಜಮಾನರ ಹೆಸರಿನಲ್ಲಿ ಬೇಡ. ಒಲೆ ಮುಂದೆ ಕೂತವರು ನೀವು, ಹೊಣೆಯೂ ನಿಮ್ಮದು, ನಾಳೆ ಬ್ಯಾಂಕಿನ ಸಾಲ ಕೇಳುವಾಗ ತೋರಿಸುವ ಕಾಗದವೂ ಅದೇ.

ಮಧ್ಯವರ್ತಿಗಳು ಯಾರೂ ಹೇಳದ ಒಂದು ಸಾಲು ನಿಯಮಾವಳಿಯಲ್ಲಿದೆ. ಅರ್ಜಿ ತಲುಪಿದ 7 ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇನೆ ಎಂದು ನೋಟಿಸು ಕೊಡಬೇಕು. ತಪಾಸಣೆ ಅಂದರೆ 30 ದಿನದೊಳಗೆ ತೀರ್ಮಾನವಾಗಬೇಕು. 7 ದಿನದಲ್ಲಿ ಈ ಮೂರರಲ್ಲಿ ಒಂದೂ ಆಗದಿದ್ದರೆ, ಅಥವಾ 30 ದಿನದಲ್ಲಿ ತೀರ್ಮಾನ ಬಾರದಿದ್ದರೆ, ನೀವು ವ್ಯಾಪಾರ ಶುರು ಮಾಡಬಹುದು. ಆಮೇಲೆ ಅವರು ಬಂದು ಹೇಳುವ ತಿದ್ದುಪಡಿಗಳನ್ನು ಮಾಡಿಕೊಂಡರಾಯಿತು. ಅರ್ಜಿ ಹಾಕಿದ ದಿನದ ರಸೀದಿಯನ್ನು ಜೋಪಾನವಾಗಿಡಿ ಎಂದು ಹೇಳುವುದು ಇದಕ್ಕೇ. 14 ಅಂಕಿಯ ನಂಬರು ಬಂದ ಮೇಲೆ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಲ್ಲಿ ತೂಗುಹಾಕಬೇಕು.

ಅಧಿಕಾರಿ ಬಂದರೆ ಏನು ನೋಡುತ್ತಾರೆ? ಅಮೃತಶಿಲೆಯ ಅಡುಗೆಮನೆ ಯಾರೂ ಕೇಳುವುದಿಲ್ಲ. ನಿಯಮಾವಳಿಯ ನಾಲ್ಕನೇ ಅನುಸೂಚಿಯ ಮೊದಲ ಭಾಗ ಸಣ್ಣವರಿಗೆಂದೇ ಬರೆದದ್ದು. ನೆಲ ಗೋಡೆ ತೊಳೆಯುವಂತಿರಬೇಕು, ಬಣ್ಣ ಕಿತ್ತು ಉದುರಬಾರದು, ಕಿಟಕಿಗೆ ಜಾಲರಿ ಬೇಕು, ಕುಡಿಯಲು ಯೋಗ್ಯವಾದ ನೀರು ಬೇಕು, ಉಗುರು ಕತ್ತರಿಸಿರಬೇಕು, ಗಾಯಕ್ಕೆ ಪಟ್ಟಿ ಕಟ್ಟಿರಬೇಕು, ಕಾಯಿಲೆಯಾದವರು ಆ ದಿನ ಕೈ ಹಾಕಬಾರದು, ಕಸದ ಡಬ್ಬಿಗೆ ಮುಚ್ಚಳ ಬೇಕು. ಇದರಲ್ಲಿ ನಮ್ಮ ಮಲೆನಾಡಿನ ಮನೆಗಳು ಸೋಲುವುದು ಎರಡು ಕಡೆ. ಒಂದು ಜಾಲರಿ. ಹಲಸಿನ ಕಾಲದಲ್ಲಿ ತೋಟದ ಕಡೆಯಿಂದ ನುಗ್ಗುವ ನೊಣ ನಿಮಗೇ ಗೊತ್ತು. ಇನ್ನೊಂದು ಬಾವಿ ನೀರು. ಆಷಾಢದಲ್ಲಿ ಕೆಂಪಗಾಗುವ ತೆರೆದ ಬಾವಿಯ ನೀರಲ್ಲಿ ಮಿಡಿ ತೊಳೆಯಬೇಡಿ. ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿಸಿ ಆ ಚೀಟಿಯನ್ನು ಅರ್ಜಿಯ ರಸೀದಿಯ ಜೊತೆಗೇ ಇಡಿ. ಒಲೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮನೆಗೆ ಕೊಡುವ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಬಳಸುವಂತಿಲ್ಲ. ಚಕ್ಕುಲಿ ಕರಿಯುವ ಕೆಲಸ ಬೆಳೆದರೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರು ತೆಗೆದುಕೊಳ್ಳಿ. ರಸ್ತೆ ಬದಿಗೆ ಬೋರ್ಡ್ ಹಾಕಿ ಅಂಗಡಿ ತೆರೆಯುವ ಯೋಚನೆಯಿದ್ದರೆ ಪಂಚಾಯಿತಿಯಲ್ಲಿ ಪಿಡಿಒ ಅವರನ್ನು ಮೊದಲೇ ಕೇಳಿ. ವ್ಯಾಪಾರ ಪರವಾನಗಿಯ ದಾರಿ ಬೇರೆ.

ಈಗ ನಿಮ್ಮ ಅಜ್ಜಿಯ ಪ್ರಶ್ನೆ. ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಅದೇ.

ಅಜ್ಜಿ ಯಾರನ್ನೂ ಕೇಳಲಿಲ್ಲ, ನಿಜ. ಕೇಳಬೇಕಾಗಿರಲಿಲ್ಲ. ಅವರ ಹಪ್ಪಳ ತಿಂದವರೆಲ್ಲ ಅವರ ಅಂಗಳ ನೋಡಿದ್ದರು. ಯಾವ ಮರದ ಹಲಸು, ಸೊಳೆ ಬೇಯಿಸಿದ್ದು ಯಾವ ಹಂಡೆಯಲ್ಲಿ, ಒರಳಲ್ಲಿ ಕುಟ್ಟಿದ ಕೈ ಯಾರದು, ಚಾಪೆಯ ಮೇಲೆ ಎಷ್ಟು ಬಿಸಿಲು ಬಿತ್ತು, ಎಲ್ಲ ಕೇರಿಗೇ ಗೊತ್ತಿತ್ತು. ಪುಣೆಯಲ್ಲಿ ನಿಮ್ಮ ಕಟ್ಟು ಬಿಚ್ಚುವ ಹೆಣ್ಣುಮಗಳಿಗೆ ಇದಾವುದೂ ಗೊತ್ತಿಲ್ಲ. ಅವಳ ಮಗುವಿಗೆ ಎಳ್ಳು ಆಗದೇ ಇರಬಹುದು, ಅವಳ ಮಾವನಿಗೆ ವೈದ್ಯರು ಉಪ್ಪು ಕಡಿಮೆ ಮಾಡಿ ಎಂದಿರಬಹುದು. ಕೇರಿಯವರು ಕಣ್ಣಾರೆ ಕಂಡದ್ದನ್ನು ಆಕೆಗೆ ಅಕ್ಷರದಲ್ಲಿ ಹೇಳುವುದೇ ಲೇಬಲ್ಲು. ನಾನು ಅದನ್ನು ಹಾಗೆ ನೋಡುತ್ತೇನೆ, ನೀವೂ ಹಾಗೆ ನೋಡಬೇಕೆಂದು ನನ್ನ ಆಸೆ.

ನನ್ನ ಚಿಕ್ಕಮ್ಮ ತೀರ್ಥಹಳ್ಳಿ ಕಡೆಯವರು, ಹಪ್ಪಳದ ಕೈ ಬಹಳ ಹದ. ಒಂದು ವರ್ಷ ಮಳೆ ಮೇ ತಿಂಗಳಲ್ಲೇ ಹಿಡಿದುಕೊಂಡಿತು. ಕೊನೆಯ ಎರಡು ದಿನ ಹಚ್ಚಿದ ಹಪ್ಪಳ ಅರೆ ಒಣಗಿದ್ದವು. ಅಡಿಕೆ ಒಣಗಿಸುವ ಅಟ್ಟದಲ್ಲಿ ಹೊಗೆ ಕಾವಿಗಿಟ್ಟು, ಒಣಗಿತು ಎಂದುಕೊಂಡು ಉಳಿದವುಗಳ ಜೊತೆ ಕಟ್ಟಿ ಬೆಂಗಳೂರಿಗೆ ಕಳಿಸಿದರು. ಮೂರು ವಾರಕ್ಕೆ ಒಂದು ಮನೆಯಿಂದ ಫೋನು, ಬೂಸ್ಟು ಬಂದಿದೆ ಅಂತ. ಯಾವ ಕಟ್ಟು ಯಾವ ದಿನದ್ದು ಎಂದು ಅವರೂ ಬರೆದಿಟ್ಟಿರಲಿಲ್ಲ, ಕಟ್ಟಿನ ಮೇಲೂ ಇರಲಿಲ್ಲ. ಕೆಟ್ಟದ್ದು ಎರಡು ದಿನದ ಕೆಲಸ. ಚಿಕ್ಕಮ್ಮ ನಲವತ್ತು ಮನೆಗೂ ಫೋನ್ ಮಾಡಿ ಎಲ್ಲವನ್ನೂ ಎಸೆಯಿರಿ ಎಂದು ಹೇಳಿದರು, ದುಡ್ಡು ವಾಪಸ್ ಕೊಟ್ಟರು. ಮುಂದಿನ ಬೇಸಿಗೆ ಹಪ್ಪಳ ಹಚ್ಚಲಿಲ್ಲ. ಬ್ಯಾಚ್ ನಂಬರು ಎಂದು ಲೇಬಲ್ಲಿನಲ್ಲಿ ಕೇಳುತ್ತಾರಲ್ಲ, ಅದು ದೊಡ್ಡ ಕಾರ್ಖಾನೆಯ ಶೋಕಿ ಎಂದುಕೊಂಡಿದ್ದೆ ನಾನೂ. ಹಚ್ಚಿದ ದಿನಾಂಕವನ್ನೇ ಬ್ಯಾಚ್ ನಂಬರು ಮಾಡಿ, ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ಬಿಸಿಲು ಹೇಗಿತ್ತು ಎಂದೂ ಬರೆಯಿರಿ. ಆಗುಂಬೆ, ಹುಲಿಕಲ್ಲಿನ ಮಳೆಯ ಸೀಮೆಯಲ್ಲಿ ನಮ್ಮ ತಿನಿಸಿನ ದೊಡ್ಡ ಶತ್ರು ತೇವ. ಬೂಸ್ಟು ಹಿಡಿದ ಒಣಮೆಣಸು, ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುರಿದರೂ ಕರಿದರೂ ಪೂರ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ಮೆಣಸಿನಪುಡಿ ಕೊಂಡು ತರುವಾಗ ಮೂಗಿಗೆ ಹಿಡಿದು ನೋಡುವುದನ್ನು ಬಿಡಬೇಡಿ.

ಲೇಬಲ್ಲಿನ ಮೇಲೆ ಇರಬೇಕಾದ್ದು: ತಿನಿಸಿನ ಹೆಸರು, ಹಾಕಿದ ಸಾಮಾನುಗಳು (ತೂಕದಲ್ಲಿ ಹೆಚ್ಚಿನದ್ದು ಮೊದಲು), ನಿವ್ವಳ ತೂಕ, ತಯಾರಿಸಿದ ದಿನ, ಯಾವಾಗಿನೊಳಗೆ ತಿನ್ನಬೇಕು, ಬ್ಯಾಚ್, ಚೌಕದೊಳಗಿನ ಹಸಿರು ಚುಕ್ಕೆ, ನಿಮ್ಮ 14 ಅಂಕಿ, ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರು, ನಿಮ್ಮ ಹೆಸರು ಮತ್ತು ವಿಳಾಸ. ಗೋಧಿ, ಶೇಂಗಾ, ಹಾಲಿನಂಥ ಅಲರ್ಜಿ ತರುವ ಸಾಮಾನಿದ್ದರೆ ಬೇರೆಯಾಗಿ ಬರೆಯಬೇಕು. ಬೆಲೆ, ತೂಕದ ಸಂಗತಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಸೇರಿದ್ದು; ಪ್ಯಾಕ್ ಮಾಡಿ ಮಾರಲು ಶುರು ಮಾಡಿದ 90 ದಿನದೊಳಗೆ ಅಲ್ಲಿಯೂ ಒಂದು ನೋಂದಣಿ ಇದೆ. ಶಿವಮೊಗ್ಗದ ಅಂಗಡಿಯವರು ವಾಪಸ್ ಕಳಿಸಿದ್ದು ನಿಮಗೆ ಅವಮಾನ ಎನಿಸಿದೆ. ನಿಮ್ಮ ಕಟ್ಟನ್ನು ಶೆಲ್ಫಿನಲ್ಲಿಟ್ಟ ಮೇಲೆ ಅವರೂ ಹೊಣೆಗಾರರು, ಅದಕ್ಕೇ ಕೇಳಿದರು.

ಭಾಷೆಯ ಬಗ್ಗೆ ಒಂದು ಮಾತು. ನಿಯಮದ ಪ್ರಕಾರ ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು. ಕನ್ನಡ ಜೊತೆಗಿರಬಹುದು, ಕನ್ನಡ ಒಂದೇ ಸಾಲದು. ಹೊಸನಗರದಲ್ಲಿ ಮಾಡಿ ಸಾಗರದಲ್ಲಿ ಮಾರುವ ಹಪ್ಪಳಕ್ಕೂ ಇದೇ ನಿಯಮ. ಇದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ತಿನ್ನುವವರ ಭಾಷೆಯಲ್ಲಿ ಬರೆದದ್ದು ಸಾಕಾಗದೆ ಹೋದರೆ ಲೇಬಲ್ಲು ಯಾರಿಗಾಗಿ? ನಿಯಮ ಬದಲಾಗುವ ತನಕ ಇಂಗ್ಲಿಷು ಹಾಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ ಹಾಕಿ. 'ಶುದ್ಧ', 'ನೈಸರ್ಗಿಕ' ಎಂಬ ಮಾತುಗಳನ್ನು ಸುಮ್ಮನೆ ಬಳಸಬೇಡಿ, ಅವಕ್ಕೂ ಷರತ್ತುಗಳಿವೆ. ಮುರುಗಲು ಶರಬತ್ತಿಗೆ, ಹಲಸಿಗೆ 'ಸಕ್ಕರೆ ಕಾಯಿಲೆ ವಾಸಿ' ಎಂದು ಬರೆಯುವವರನ್ನು ನೋಡಿದ್ದೇನೆ. ದಾರಿ ತಪ್ಪಿಸುವ ಜಾಹೀರಾತಿಗೆ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ. ದಂಡ ಹಾಗಿರಲಿ, ಅದನ್ನು ನಂಬಿ ಮಾತ್ರೆ ಬಿಟ್ಟವರ ಗತಿ?

ಮನೆಯವರ ಅಳುಕು ನನಗೆ ಅರ್ಥವಾಗುತ್ತದೆ. ಊರಿನ, ಮನೆಯ ಹೆಸರು ಎಲ್ಲೆಲ್ಲೋ ಓಡಾಡುತ್ತದಲ್ಲ ಎಂಬ ಸಂಕೋಚ. ವಿಳಾಸ ತಪ್ಪಿಸಲು ದಾರಿಯಿಲ್ಲ. ಫೋನ್ ನಂಬರನ್ನು ಮಾತ್ರ ವ್ಯಾಪಾರಕ್ಕೆಂದೇ ಬೇರೆ ಮಾಡಿಕೊಳ್ಳಿ, ಅರ್ಧ ತಲೆನೋವು ಕಡಿಮೆಯಾಗುತ್ತದೆ. ಊರಿನ ಸ್ವಸಹಾಯ ಸಂಘದ ಹೆಸರಿನಲ್ಲಿ ಒಟ್ಟಾಗಿ ಮಾಡುವುದಾದರೆ ಸಂಘದ ವಿಳಾಸ ಹಾಕಬಹುದು.

ಪುಣೆಯ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ರಾಜ್ಯದ ಗಡಿ ದಾಟಿದರೆ ಈ ವಿನಾಯಿತಿ ಇಲ್ಲ. ತೆರಿಗೆ ಇರುವ ಸರಕನ್ನು ಒಂದು ಡಬ್ಬಿ ಕಳಿಸಿದರೂ ನೋಂದಣಿ ಬೇಕು. ಉಪ್ಪಿನಕಾಯಿ, ಚಕ್ಕುಲಿಗೆ ತೆರಿಗೆ ಇದೆ. ಹಪ್ಪಳಕ್ಕೆ ಇಲ್ಲ. ಆದ್ದರಿಂದ ಸದ್ಯಕ್ಕೆ ಪುಣೆಗೆ ಹಪ್ಪಳ ಮಾತ್ರ ಹೋಗಲಿ, ಮಿಡಿ ಮತ್ತು ಚಕ್ಕುಲಿ ಬೆಂಗಳೂರಿನವರೆಗೆ ಸಾಕು.

ಮಿಡಿ ಅಂದಮೇಲೆ ಇನ್ನೊಂದು. ಅಪ್ಪೆಮಿಡಿ ಭೌಗೋಳಿಕ ಸೂಚಿಕೆ, ಅಂದರೆ ಇಂಥ ಸೀಮೆಯದ್ದೇ ಎಂಬ ಕಾನೂನಿನ ಗುರುತು, ಪಡೆದ ಹೆಸರು. ಹೊಳೆಸಾಲಿನ ಮರದ ಪರಿಮಳದ ಮಿಡಿಗೆ ಮಾತ್ರ ಆ ಹೆಸರು ಹಾಕಿ, ಸಂತೆಯ ಯಾವುದೋ ಕಾಡುಮಾವಿಗೆ ಬೇಡ. ಉಪ್ಪು, ಹುಳಿ ಹದವಾಗಿರುವ ಉಪ್ಪಿನಕಾಯಿ ಸುರಕ್ಷಿತ; ಹುಳಿಯ ಅಳತೆಯಾದ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ ಮಾರಕ ಆಹಾರವಿಷ ತರುವ ರೋಗಾಣು ಬೆಳೆಯುವುದಿಲ್ಲ. ಕಳಲೆ, ಅಣಬೆಯಲ್ಲಿ ಆ ಹುಳಿ ಇಲ್ಲ. ಎಷ್ಟೇ ಜನ ಕೇಳಲಿ, ಅವನ್ನು ಬಾಟಲಿಗೆ ತುಂಬಿ ಮಾರುವ ಸಾಹಸ ಬೇಡ. ಚಕ್ಕುಲಿ ಕರಿದ ಎಣ್ಣೆಯನ್ನೂ ಮತ್ತೆ ಮತ್ತೆ ಕಾಯಿಸಬೇಡಿ. ಕೆಟ್ಟ ಎಣ್ಣೆಯನ್ನು ಅಳೆಯುವ ಪೋಲಾರ್ ಅಂಶಗಳು 25 ಪ್ರತಿಶತ ದಾಟಬಾರದು ಎಂಬ ನಿಯಮ 2018ರಿಂದ ಇದೆ. ಮನೆಯಲ್ಲಿ ಅದನ್ನು ಅಳೆಯಲಾಗದು, ಕಪ್ಪಾಗಿ ನೊರೆ ಬಂದ ಎಣ್ಣೆಯನ್ನು ಚೆಲ್ಲುವುದೇ ಲೆಕ್ಕ.

ಈ ವಾರ ಫಾರಂ ಎ ತುಂಬಿ. ನಂಬರು ಬಂದ ಮೇಲೆ ಲೇಬಲ್ಲಿನ ಕರಡನ್ನು ಕನ್ನಡದಲ್ಲೇ ಬರೆದು, ಮುದ್ರಣಕ್ಕೆ ಕೊಡುವ ಮೊದಲು ನಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿ. ಇಂಗ್ಲಿಷ್ ಸಾಲುಗಳನ್ನು ನಾವು ಬರೆದು ತಿದ್ದಿ ವಾಪಸ್ ಕಳಿಸುತ್ತೇವೆ.

– ಸಂಪಾದಕ