ಓದುಗರ ಪ್ರಶ್ನೆ: ಅಷ್ಟು ಚಿಕ್ಕ ರಾಜ್ಯಕ್ಕೆ 55 ಕೌಂಟಿ ಯಾಕೆ?

ಪ್ರಶ್ನೆ: ಮಗಳು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಓದುತ್ತಿದ್ದಾಳೆ. ಮ್ಯಾಪ್ ನೋಡಿದರೆ ಆ ಚಿಕ್ಕ ರಾಜ್ಯದಲ್ಲಿ 55 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯೋ, ತಾಲ್ಲೂಕೋ? ಗಡಿಗಳು ಯಾಕೆ ಅಷ್ಟು ಅಂಕುಡೊಂಕು?
– ಓದುಗರೊಬ್ಬರು, ಹಾಸನ

ಉತ್ತರ: ಕೆಲಸ ನೋಡಿದರೆ ಜಿಲ್ಲೆ, ಅಳತೆ ನೋಡಿದರೆ ತಾಲ್ಲೂಕು. ಇಡೀ ರಾಜ್ಯ ಸುಮಾರು 62,700 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಒಂದು ಕೌಂಟಿಗೆ ಸರಾಸರಿ 1,140 ಬರುತ್ತದೆ. ಆದರೆ ನಮ್ಮಲ್ಲಿ ಡಿಸಿಯನ್ನು ಸರ್ಕಾರ ಕಳಿಸುತ್ತದೆ, ಅಲ್ಲಿ ಕೌಂಟಿ ಕಮಿಷನರ್‌ಗಳನ್ನೂ ಪೊಲೀಸ್ ಕೆಲಸ ನೋಡುವ ಶೆರಿಫ್‌ನನ್ನೂ ಜನರೇ ವೋಟು ಹಾಕಿ ಆರಿಸುತ್ತಾರೆ.

ಇಷ್ಟೊಂದು ಕೌಂಟಿ ಆಗಿದ್ದಕ್ಕೆ ಮುಖ್ಯ ಕಾರಣ ಬೆಟ್ಟ. 1863ರಲ್ಲಿ ಹೊಸ ರಾಜ್ಯ ಆಗುವ ಮೊದಲು ಇದೆಲ್ಲ ವರ್ಜೀನಿಯಾಕ್ಕೆ ಸೇರಿತ್ತು, 50 ಕೌಂಟಿಗಳು ಆಗಲೇ ಇದ್ದವು. ಜಮೀನಿನ ಪತ್ರ, ತೆರಿಗೆ, ಕೇಸು ಎಲ್ಲಕ್ಕೂ ಜನ ಕೌಂಟಿಯ ಕೋರ್ಟ್‌ಹೌಸ್‌ಗೇ ಹೋಗಬೇಕಿತ್ತು. ಅದು ಕುದುರೆಯ ಕಾಲ, ಮಧ್ಯೆ ಒಂದು ಬೆಟ್ಟದ ಸಾಲು ಅಡ್ಡ ಬಂದರೂ ದಾರಿ ಎಷ್ಟು ಉದ್ದವಾಗುತ್ತದೆ ನೋಡಿ, ಹಾಗಾಗಿ ನಮ್ಮ ಕಣಿವೆಗೆ ಬೇರೆ ಕೌಂಟಿ ಕೊಡಿ ಅಂತ ಕೇಳಿದ್ದು ಸಹಜವೇ ಅಲ್ವಾ? ಕೊನೆಯದು ಮಿಂಗೋ, 1895ರಲ್ಲಿ ಲೋಗನ್ ಕೌಂಟಿಯನ್ನು ಒಡೆದು ಮಾಡಿದ್ದು.

ಗಡಿ ಸೊಟ್ಟಗಿರುವುದಕ್ಕೂ ಇದೇ ಕಾರಣ. ಪೂರ್ವದಲ್ಲಿ ಅಲೆಗೆನಿ ಬೆಟ್ಟಸಾಲುಗಳು ಈಶಾನ್ಯದಿಂದ ನೈಋತ್ಯಕ್ಕೆ ಉದ್ದಕ್ಕೆ ಹೋಗುತ್ತವೆ, ಅಲ್ಲಿ ಎಷ್ಟೋ ಗಡಿಗಳು ಆ ಸಾಲುಗಳ ನೆತ್ತಿಯ ಮೇಲೇ ಇವೆ. ಪಶ್ಚಿಮದಲ್ಲಿ ನೀರು ಹರಿದ ಕಡೆ ಗೆರೆ: ಒಹಾಯೊ ನದಿ, ಕೆಂಟಕಿ ಕಡೆಗೆ ಟಗ್ ಫೋರ್ಕ್.

ನನಗೆ ತುಂಬಾ ಇಷ್ಟವಾದದ್ದು ಪೊಕಹಾಂಟಸ್ ಕೌಂಟಿ. ಗ್ರೀನ್‌ಬ್ರಯರ್, ಎಲ್ಕ್, ಗಾಲಿ ಸೇರಿ ಎಂಟು ನದಿಗಳು ಅಲ್ಲೇ ಹುಟ್ಟುತ್ತವೆ. ಸುತ್ತ ಬೆಟ್ಟ ಇರುವುದರಿಂದ ಹೊರಗಿನ ರೇಡಿಯೋ ಗದ್ದಲ ಒಳಗೆ ಬರುವುದು ಕಡಿಮೆ, ಅದಕ್ಕೇ ಗ್ರೀನ್ ಬ್ಯಾಂಕ್ ಎಂಬ ಊರಿನಲ್ಲಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ, 100 ಮೀಟರ್ ಅಗಲದ ದೊಡ್ಡ ರೇಡಿಯೋ ದೂರದರ್ಶಕ ನಿಲ್ಲಿಸಿದ್ದಾರೆ. ಇಷ್ಟು ದೊಡ್ಡ ಕೌಂಟಿಯಲ್ಲಿ 2020ರಲ್ಲಿ ಇದ್ದ ಜನ ಎಂಟು ಸಾವಿರಕ್ಕೂ ಕಡಿಮೆ.

ದಕ್ಷಿಣದ ಮೆಕ್‌ಡೊವೆಲ್ ಕೌಂಟಿಯದು ಮನಸ್ಸಿಗೆ ನೋವಾಗುವ ಕಥೆ. ಕಲ್ಲಿದ್ದಲು ಗಣಿಗಳ ಕಾಲದಲ್ಲಿ, 1950ರಲ್ಲಿ, ಅಲ್ಲಿ ಸುಮಾರು 99,000 ಜನ ಇದ್ದರು. ಗಣಿಗೆ ಯಂತ್ರ ಬಂತು, ಕೆಲಸ ಹೋಯಿತು, 2020ಕ್ಕೆ ಉಳಿದವರು 19,000 ಅಷ್ಟೇ. ಜನ ಕಡಿಮೆಯಾದರು ಅಂತ ಎರಡು ಮೂರು ಕೌಂಟಿ ಸೇರಿಸಿ ಒಂದು ಮಾಡುವುದು ಕಾಗದದ ಮೇಲೆ ಸುಲಭ. ಆದರೆ ಬೆಟ್ಟ ಎಲ್ಲೂ ಹೋಗಿಲ್ಲ, ವಯಸ್ಸಾದವರು ಒಂದು ಕಾಗದಕ್ಕೆ ಪಕ್ಕದ ಕಣಿವೆಗೆ ಹೋಗಿ ಬರುವುದು ಈಗಲೂ ಕಷ್ಟವೇ, ಹಾಗಾಗಿ ಕೋರ್ಟ್‌ಹೌಸ್ ಹತ್ತಿರ ಇರುವುದೇ ಸರಿ ಅಂತ ನನ್ನ ಅಭಿಪ್ರಾಯ.

ಮಗಳು ಪೊಕಹಾಂಟಸ್ ಕಡೆ ಹೋದರೆ ದಾರಿಯ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಲಿ. ಗ್ರೀನ್ ಬ್ಯಾಂಕ್ ಸುತ್ತ ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗುವ ಹಾಗಿಲ್ಲ.