ಕೆನೆತ್ ಆ್ಯಂಗರ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಅಮೆರಿಕದ ಪ್ರಯೋಗಶೀಲ ಚಿತ್ರನಿರ್ದೇಶಕ ಕೆನೆತ್ ಆ್ಯಂಗರ್ (1927–2023) ಅವರನ್ನು ಕುರಿತು ನೀವು ಕಳುಹಿಸಿದ ‘ಕತ್ತಲೆಯ ಮಾಂತ್ರಿಕ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲದ ಕಾರಣ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹನ್ನೆರಡು ಪುಟಗಳಲ್ಲಿ ‘ನಿಗೂಢ’ ಎಂಬ ಪದ ಮೂವತ್ತೊಂದು ಬಾರಿ ಬಂದಿದೆ, ಆದರೆ ಪರದೆಯ ಮೇಲೆ ಏನು ಕಾಣುತ್ತದೆ ಎಂಬುದನ್ನು ಹೇಳುವ ವಾಕ್ಯ ಒಂದೂ ಇಲ್ಲ. 1953ರ ‘ಓ ದಾರ್ತಿಫೀಸ್’ ಚಿತ್ರವನ್ನು ನೀವು ‘ಅಲೌಕಿಕ ಅನುಭವ’ ಎಂದು ಕರೆದು ಮುಂದೆ ಸಾಗಿದ್ದೀರಿ. ಇಟಲಿಯ ತಿವೋಲಿಯಲ್ಲಿರುವ ವಿಲ್ಲಾ ದೆಸ್ತೆಯ ಉದ್ಯಾನದಲ್ಲಿ ಹಗಲಿನಲ್ಲೇ ಚಿತ್ರೀಕರಿಸಿ, ಮುದ್ರಿಸುವಾಗ ಇಡೀ ಚಿತ್ರಕ್ಕೆ ನೀಲಿ ಬಣ್ಣ ಕೊಟ್ಟು ಆ್ಯಂಗರ್ ಅದನ್ನು ಬೆಳದಿಂಗಳ ರಾತ್ರಿಯನ್ನಾಗಿಸಿದ್ದಾರೆ. ಹಳೆಯ ಕಾಲದ ಉಡುಪು ತೊಟ್ಟು ಕಾರಂಜಿಗಳ ನಡುವೆ ಓಡಾಡುವ ಹೆಂಗಸಿನ ಪಾತ್ರಕ್ಕೆ ಬಹಳ ಕುಳ್ಳಗಿನ ವ್ಯಕ್ತಿಯನ್ನು ಆರಿಸಿಕೊಂಡಿದ್ದರಿಂದ ಮೆಟ್ಟಿಲು, ಕಲ್ಲಿನ ಮುಖ, ನೀರಿನ ಕಂಬಗಳೆಲ್ಲ ದೈತ್ಯಾಕಾರ ತಾಳುತ್ತವೆ. ಒಂದೆಡೆ ಅವಳು ಬೀಸಣಿಗೆ ಬಿಚ್ಚುತ್ತಾಳೆ. ಅಷ್ಟೂ ನೀಲಿಯ ನಡುವೆ ಅದೊಂದಕ್ಕೆ ಮಾತ್ರ ಹಸಿರು ಬಣ್ಣ ಹಚ್ಚಲಾಗಿದೆ. ಕೊನೆಗೆ ಆಕೆ ನೀರಿನಲ್ಲಿ ನೀರಾಗಿ ಕರಗುತ್ತಾಳೆ. ಇಷ್ಟನ್ನು ನೀವು ಬರೆದಿದ್ದರೆ ‘ಅಲೌಕಿಕ’ ಎಂಬ ಮಾತನ್ನು ಓದುಗನೇ ಆಡಿಕೊಳ್ಳುತ್ತಿದ್ದ.

‘ಸ್ಕಾರ್ಪಿಯೋ ರೈಸಿಂಗ್’ (1963) ಚಿತ್ರದಲ್ಲಿ ಗೂಢವಿದ್ಯೆ ಇಲ್ಲವೆಂದು ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಮೋಟರ್‌ಬೈಕ್ ಸವಾರನೊಬ್ಬ ಚರ್ಮದ ಜಾಕೆಟ್, ಬೆಲ್ಟು, ಬೂಟುಗಳನ್ನು ಒಂದೊಂದಾಗಿ ತೊಡುವುದನ್ನು ಕ್ಯಾಮರಾ ಪೂಜೆಗೆ ಅಣಿಯಾಗುವ ಅರ್ಚಕನನ್ನು ನೋಡುವಷ್ಟು ನಿಧಾನವಾಗಿ ನೋಡುತ್ತದೆ. ಸಂಭಾಷಣೆಯ ಜಾಗದಲ್ಲಿ 13 ಜನಪ್ರಿಯ ಹಾಡುಗಳಿವೆ. ಯೇಸುವಿನ ಕುರಿತ ಧಾರ್ಮಿಕ ಚಿತ್ರವೊಂದರ ತುಣುಕುಗಳು ಬೈಕ್ ಸವಾರರ ದೃಶ್ಯಗಳೊಡನೆ ಹೆಣೆದುಕೊಳ್ಳುತ್ತವೆ. ಚಿತ್ರ ಮಾಡುವುದನ್ನು ಮಂತ್ರ ಪ್ರಯೋಗಕ್ಕೆ ಹೋಲಿಸುತ್ತಿದ್ದ ಆ್ಯಂಗರ್ ಅವರ ಮಂತ್ರ ಇರುವುದು ಸಂಕಲನದ ಮೇಜಿನ ಮೇಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ಪದಗಳ ವಿಷಯಕ್ಕೆ ಬರುತ್ತೇನೆ. ‘ವಾಮಾಚಾರ’ ಬೇಡ, ಆ ಪದಕ್ಕೆ ತಾಂತ್ರಿಕ ಪರಂಪರೆಯಲ್ಲಿ ಅದರದೇ ಅರ್ಥವಿದೆ, ಇಂಗ್ಲೆಂಡಿನ ಗೂಢವಿದ್ಯಾಸಾಧಕ ಅಲೀಸ್ಟರ್ ಕ್ರೌಲಿ ಸ್ಥಾಪಿಸಿದ, ಆ್ಯಂಗರ್ ಅನುಸರಿಸುತ್ತಿದ್ದ ಥೆಲೀಮಾ ಪಂಥಕ್ಕೆ ಅದನ್ನು ಅಂಟಿಸಿದರೆ ಎರಡಕ್ಕೂ ಅನ್ಯಾಯ. ‘ಸೈತಾನನ ಆರಾಧಕ’ ಎಂಬುದನ್ನೂ ತೆಗೆಯಿರಿ. ಆ್ಯಂಗರ್ ಅವರಿಗೆ, ಕ್ರೈಸ್ತರು ಸೈತಾನನೆಂದು ಗುರುತಿಸುವ ಲೂಸಿಫರ್ ಎಂದರೆ ಬೆಳಕನ್ನು ಹೊತ್ತು ತರುವವನು, ಬೆಳಗಿನ ಬೆಳ್ಳಿ ಚುಕ್ಕಿ. ಇದನ್ನು ತಿಳಿಯದವರಿಗೆ ಈಜಿಪ್ಟಿನಲ್ಲಿ ಚಿತ್ರೀಕರಣಗೊಂಡ ‘ಲೂಸಿಫರ್ ರೈಸಿಂಗ್’ನ ಸೂರ್ಯನೂ ಮರುಭೂಮಿಯೂ ಅರ್ಥವಾಗುವುದಿಲ್ಲ. ನಿಮ್ಮ ಶೀರ್ಷಿಕೆಯ ‘ಕತ್ತಲೆ’ ಕೂಡ ಹೀಗಾಗಿಯೇ ತಪ್ಪು.

ಮೂರನೆಯ ಪುಟದಲ್ಲಿ ಅವರು 17ನೆಯ ವಯಸ್ಸಿನಲ್ಲಿ ‘ಫೈರ್‌ವರ್ಕ್ಸ್’ ಮಾಡಿದರು ಎಂದಿದ್ದೀರಿ. ಮೊದಲ ಪುಟದಲ್ಲಿ ನೀವೇ 1927ರಲ್ಲಿ ಹುಟ್ಟಿದರು ಎಂದಿದ್ದೀರಿ, ಚಿತ್ರ 1947ರದು, ಕಳೆದು ನೋಡಿ. ತಪ್ಪು ಮೂಲತಃ ನಿಮ್ಮದಲ್ಲ, ವಯಸ್ಸನ್ನು ಕಡಿಮೆ ಹೇಳುತ್ತಿದ್ದವರು ಆ್ಯಂಗರ್ ಅವರೇ. ಹಾಲಿವುಡ್ಡಿನ ಗಾಳಿಮಾತುಗಳನ್ನೇ ಪುಸ್ತಕ ಮಾಡಿದ ಮನುಷ್ಯ ತನ್ನ ಬಗ್ಗೆ ಹೇಳಿದ್ದನ್ನು ಒರೆಗೆ ಹಚ್ಚದೆ ಬಳಸಬಾರದು. ಅಮೆರಿಕದ ಚಾರ್ಲ್ಸ್ ಮ್ಯಾನ್ಸನ್ ಎಂಬವನ ಅನುಯಾಯಿಗಳ ಗುಂಪು ಮಾಡಿದ ಕೊಲೆಗಳಿಗೆ ಮೀಸಲಾದ ನಾಲ್ಕು ಪುಟಗಳನ್ನು ಪೂರ್ತಿ ಹೊಡೆದುಹಾಕಿ. ‘ಲೂಸಿಫರ್ ರೈಸಿಂಗ್’ಗೆ ಸಂಗೀತ ಕೊಟ್ಟ, ಆ ಗುಂಪಿನವನೇ ಆದ ಬಾಬಿ ಬೋಸೊಲೇ ಅದನ್ನು ಸೆರೆಮನೆಯಲ್ಲಿದ್ದುಕೊಂಡು ಮಾಡಿದ ಎಂಬ ಒಂದು ಸಾಲು ಸಾಕು.

ನೀವು ಎರಡೇ ಸಾಲಿನಲ್ಲಿ ದಾಟಿಸಿದ ಒಂದು ಸಂಗತಿ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. 1920ರಲ್ಲಿ ಕ್ರೌಲಿ ಸಿಸಿಲಿಯ ಚೆಫಲೂ ಊರಿನ ಮನೆಯೊಂದನ್ನು ತನ್ನ ಪಂಥದ ಆಶ್ರಮ ಮಾಡಿಕೊಂಡು ಗೋಡೆಗಳ ತುಂಬ ಚಿತ್ರ ಬರೆದಿದ್ದ. 1923ರಲ್ಲಿ ಅವನನ್ನು ಇಟಲಿಯಿಂದ ಹೊರಹಾಕಲಾಯಿತು, ಗೋಡೆಗಳಿಗೆ ಸುಣ್ಣ ಬಳಿಯಲಾಯಿತು. 1955ರಲ್ಲಿ ಆ್ಯಂಗರ್ ಅಲ್ಲಿಗೆ ಹೋಗಿ ಆ ಸುಣ್ಣವನ್ನು ಕೆರೆದು ತೆಗೆದು ಚಿತ್ರಗಳನ್ನು ಹೊರಗೆ ತಂದರು; ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸೆ ಅದನ್ನು ನೋಡಲು ಬಂದಿದ್ದರು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ, ಸುಣ್ಣದ ಪುಡಿ ಉದುರುತ್ತಿರುವ ಆ ಕೋಣೆಯಿಂದ. ಆರು ಪುಟ ಮೀರದಂತೆ ಹೊಸದಾಗಿ ಬರೆದು ಕಳುಹಿಸಿ. ಹಳೆಯ ಪ್ರತಿಯನ್ನು ಮುಂದಿಟ್ಟುಕೊಂಡು ತಿದ್ದಬೇಡಿ.

ಇಂತಿ,
ಸಂಪಾದಕ