ಪ್ಲಾನ್ ಮುಗಿಯುವ ಮುಂಚೆಯೇ ಪ್ಲಂಬರ್ ಯಾಕೆ?

ಪ್ರಶ್ನೆ: ಮೇಡಂ, ಹಾಸನದಲ್ಲಿ ನಮ್ಮದೊಂದು 30-40ರ ಸೈಟಿದೆ. ಎರಡಂತಸ್ತಿನ ಮನೆ ಕಟ್ಟಿಸಬೇಕು. ಪ್ಲಾನ್ ಇನ್ನೂ ಮುಗಿದಿಲ್ಲ. ಆಗಲೇ ಆರ್ಕಿಟೆಕ್ಟ್, ‘ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಮೂವರನ್ನೂ ಕರೆಸಿ, ಒಟ್ಟಿಗೆ ಕೂತು ಮಾತಾಡೋಣ’ ಎನ್ನುತ್ತಿದ್ದಾರೆ. ನಮ್ಮ ದೊಡ್ಡಪ್ಪನದು ಬೇರೆ ಮಾತು: ‘ಪ್ಲಾನ್ ಕೈಗೆ ಬಂದ ಮೇಲೆ ಮೂರು ಕಡೆ ಕೊಟೇಶನ್ ತಗೋ. ಮೊದಲೇ ಒಬ್ಬನನ್ನು ಒಪ್ಪಿಕೊಂಡರೆ ಅವನು ಹೇಳಿದ್ದೇ ರೇಟು.’ ಯಾರ ಮಾತು ಕೇಳಲಿ?
– ಒಬ್ಬ ಓದುಗ, ಹಾಸನ

ಉತ್ತರ: ಆರ್ಕಿಟೆಕ್ಟ್ ಮಾತು ಕೇಳಿ. ಆದರೆ ನಿಮ್ಮ ದೊಡ್ಡಪ್ಪನವರ ಭಯವೂ ಸುಮ್ನೆ ಬಂದದ್ದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡುವುದು ನನ್ನ ಕಸುಬು. ಮೈಸೂರಿನಲ್ಲಿ ಸ್ವಂತ ಮನೆ ಕಟ್ಟಿಸುವಾಗ ಬೀಮು, ಕಾಲಂ, ಕಂಬಿ ಎಲ್ಲ ನಾನೇ ಲೆಕ್ಕ ಹಾಕಿದ್ದೆ. ಮೋಲ್ಡ್ (ಚಾವಣಿಯ ಕಾಂಕ್ರೀಟ್) ಹಾಕಿ, ಅದನ್ನು ಹೊತ್ತಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿಯೂ ಆಗಿತ್ತು. ಒಂದು ಮಧ್ಯಾಹ್ನ ಸೈಟಿಗೆ ಹೋದರೆ ಮಹಡಿ ಬಚ್ಚಲಿನ ಕೆಳಗೆ ಉಳಿ, ಸುತ್ತಿಗೆ ಸದ್ದು. ನಾಲ್ಕಿಂಚಿನ ಪೈಪ್ ದಾಟಿಸಲು ನನ್ನ ಬೀಮಿಗೇ ತೂತು ಹೊಡೆಯುತ್ತಿದ್ದಾರೆ! ಕಂಬಿ ಆಗಲೇ ಕಾಣುತ್ತಿತ್ತು. ಪ್ಲಂಬರಿಗೆ ಚೆನ್ನಾಗಿ ಬೈದೆ. ಅವನು ತಣ್ಣಗೆ ಹೇಳಿದ: ‘ಡ್ರಾಯಿಂಗ್ ನೋಡಿದ ದಿನವೇ ಗೊತ್ತಿತ್ತು ಮೇಡಂ, ಪೈಪಿಗೆ ಬೀಮು ಅಡ್ಡ ಬರುತ್ತೆ ಅಂತ. ನೀವು ಇಂಜಿನಿಯರು, ನಾನೇನು ಹೇಳೋದು?’

ಆ ಪೈಪು ಹತ್ತು ಅಡಿ ಹೋಗುವಷ್ಟರಲ್ಲಿ ಮೂರು ಇಂಚು ಇಳಿಯಬೇಕು. ಬಚ್ಚಲಿನ ಸ್ಲ್ಯಾಬನ್ನು ಸ್ವಲ್ಪ ತಗ್ಗಿಸಿ, ಕಮೋಡನ್ನು ಹೊರಗೋಡೆಯ ಪಕ್ಕಕ್ಕೆ ತಂದಿದ್ದರೆ ಬೀಮಿನ ತಂಟೆಯೇ ಇರುತ್ತಿರಲಿಲ್ಲ. ಪೇಪರಿನ ಮೇಲೆ ಹತ್ತು ನಿಮಿಷದ ಕೆಲಸ. ಈಗ ಬೀಮು ರಿಪೇರಿ ಮಾಡಿಸಿ, ಪೈಪಿಗೆ ಬೇರೆ ದಾರಿ ಹುಡುಕಲು ಮೂರು ವಾರ ಹಿಡಿಯಿತು. ಖರ್ಚು ನಾನೇ ಕೊಟ್ಟೆ, ಇನ್ಯಾರು ಕೊಡುತ್ತಾರೆ?

ಅವನಿಗೆ ಗೊತ್ತಿತ್ತು ನೋಡಿ. ಆದರೂ ಬಾಯಿಬಿಡಲಿಲ್ಲ. ಬಿಟ್ಟರೆ ತಪ್ಪು ಯಾರದು, ದುಡ್ಡು ಯಾರು ಕೊಡಬೇಕು ಅಂತ ಜಗಳ. ಆ ಜಗಳದಲ್ಲಿ ಪ್ಲಂಬರ್ ಗೆದ್ದದ್ದನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಎಲ್ಲರನ್ನೂ ಕೂರಿಸಿ ಟೀ ಕೊಟ್ಟರೆ ಸಾಲದು, ಮಾತಾಡಿದವನಿಗೆ ನಷ್ಟ ಆಗದ ಹಾಗೆ ನೋಡಿಕೊಳ್ಳಬೇಕು.

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಐದನೇ ಟರ್ಮಿನಲ್ ಕಟ್ಟುವಾಗ ಮಾಲೀಕ ಕಂಪನಿ ಬಿಎಎ ಇದನ್ನೇ ಮಾಡಿತು. ಸುಮಾರು 430 ಕೋಟಿ ಪೌಂಡಿನ ಕೆಲಸ ಅದು. ಮಾಮೂಲಾಗಿ ನಷ್ಟದ ಭಾರವನ್ನು ಕಂಟ್ರಾಕ್ಟರ್ ತಲೆಗೆ ಕಟ್ಟುತ್ತಾರೆ. ಬಿಎಎ ತಾನೇ ಹೊತ್ತುಕೊಂಡಿತು. ಕಂಟ್ರಾಕ್ಟರಿಗೆ ನಿಜವಾಗಿ ಆದ ಖರ್ಚು, ಅದರ ಮೇಲೆ ಮೊದಲೇ ಒಪ್ಪಿದ ಲಾಭ. ಲೆಕ್ಕ ಮಾತ್ರ ಮುಚ್ಚಿಡುವಂತಿಲ್ಲ. 156 ಮೀಟರ್ ಅಗಲದ ಚಾವಣಿ ಏರಿಸುವ ಮುಂಚೆ ಅದರ ಒಂದು ಭಾಗವನ್ನು ದೂರದ ಯಾರ್ಕ್‌ಷೈರಿನಲ್ಲಿ ಕಟ್ಟಿ ನೋಡಿದರು. ನಮ್ಮ ನಾಟಕದವರು ಪ್ರಾಕ್ಟೀಸ್ ಮಾಡಿದ ಹಾಗೆ. ಎಡವಟ್ಟುಗಳು ಅಲ್ಲೇ ಹೊರಬಿದ್ದವು.

ಇನ್ನು ದೊಡ್ಡಪ್ಪನವರ ರೇಟಿನ ಮಾತು. ಮೂವರಿಗೂ ಆ ದಿನದ ಕೂಲಿ ಕೊಟ್ಟು ಕರೆಸಿ. ‘ಕೆಲಸ ಇನ್ನೂ ಯಾರಿಗೂ ಗಟ್ಟಿಯಾಗಿಲ್ಲ’ ಅಂತ ಮೊದಲೇ ಹೇಳಿ. ಕೂಲಿ ಕೊಟ್ಟ ಮೇಲೆ ನೀವು ಯಾರ ಹಂಗಿನಲ್ಲೂ ಇರುವುದಿಲ್ಲ. ಚದರಕ್ಕೆ, ಅಂದರೆ ನೂರು ಚದರಡಿಗೆ, ಲೇಬರ್ ರೇಟು ಎಷ್ಟು ಅಂತ ಬೇರೆ ಇಬ್ಬರು ಮೇಸ್ತ್ರಿಗಳನ್ನು ಕೇಳಿಟ್ಟುಕೊಳ್ಳಿ. ಸಿಮೆಂಟು, ಕಂಬಿ ಬಿಲ್ಲು ನಿಮ್ಮ ಹೆಸರಿಗೇ ಬರಲಿ. ಎಡವಟ್ಟಿಗೆ ಅಂತ ಒಂದಿಷ್ಟು ದುಡ್ಡು ಬೇರೆ ಎತ್ತಿಡಿ, ಉಳಿದರೆ ಅರ್ಧ ಕೆಲಸ ಮಾಡುವ ಮೂವರಿಗೇ ಅಂತ ಬರೆದುಕೊಡಿ. ಆಮೇಲೆ ನೋಡಿ, ಪ್ಲಂಬರ್ ಉಳಿ ಎತ್ತಿದರೆ ಮೇಸ್ತ್ರಿಯೇ ತಡೆಯಲು ಓಡಿ ಬರುತ್ತಾನೆ. ಮೋಲ್ಡ್ ಹಾಕುವ ಹಿಂದಿನ ದಿನ ಇನ್ನೊಮ್ಮೆ ಎಲ್ಲರೂ ಸೇರಿ, ಕಂಬಿ ಕಟ್ಟಿದ ಜಾಗದಲ್ಲೇ ನಿಂತು, ವೈರಿನ ಪೈಪು, ಫ್ಯಾನ್ ಬಾಕ್ಸ್, ನೀರು ಇಳಿಯುವ ತೂತು ಎಲ್ಲ ನೋಡಿಬಿಡಲಿ.

ಹೀಥ್ರೂ ಕಥೆಗೆ ಒಂದು ಬಾಲವೂ ಇದೆ. ಟರ್ಮಿನಲ್ 2008ರ ಮಾರ್ಚ್ 27ಕ್ಕೆ ತೆರೆಯಿತು. ಮೊದಲ ದಿನವೇ ಲಗೇಜು ಸಾಗಿಸುವುದು ಎಕ್ಕುಟ್ಟಿ ಹೋಗಿ ವಿಮಾನಗಳು ರದ್ದಾದವು. ಕಟ್ಟಿದವರು ವರ್ಷಗಟ್ಟಲೆ ಒಟ್ಟಿಗೆ ಕೂತಿದ್ದರು, ಅಲ್ಲಿ ದುಡಿಯಬೇಕಾದ ಸಿಬ್ಬಂದಿಗೇ ಜಾಗದ ಪರಿಚಯ ಸಾಲದಾಗಿತ್ತು.

ನಿಮ್ಮ ಪತ್ರದಲ್ಲಿ ಆರ್ಕಿಟೆಕ್ಟ್ ಇದ್ದಾರೆ, ದೊಡ್ಡಪ್ಪ ಇದ್ದಾರೆ, ಮೇಸ್ತ್ರಿ ಇದ್ದಾನೆ. ಮನೆಯಲ್ಲಿ ಅಡುಗೆ ಮಾಡುವವರ ಸುದ್ದಿಯೇ ಇಲ್ಲ ಅಲ್ವಾ? ಅವರಿಗೂ ಒಂದು ಕುರ್ಚಿ ಹಾಕಿ. ಗ್ರೈಂಡರ್ ಪ್ಲಗ್ ಎಲ್ಲಿ, ಪಾತ್ರೆ ತೊಳೆಯುವ ಜಾಗ ಎಲ್ಲಿ ಅಂತ ಎಲೆಕ್ಟ್ರಿಷಿಯನ್, ಪ್ಲಂಬರ್ ಇಬ್ಬರೂ ಎದುರಿಗಿರುವಾಗಲೇ ಹೇಳಲಿ.